ಫಾದರ್ ಬೀಳ್ಕೊಡುಗೆಗೆ ನಾನು ಹೊಲಿದ ಪೂಜಾವಸ್ತ್ರ

ರೈಟರ್ ಆ ಪೊಟ್ಟಣವನ್ನು ನನ್ನ ಅಂಗಡಿಯ ಮೇಜಿನ ಮೇಲೆ ಬಿಚ್ಚಿದಾಗ, ಮೋಡದ ದಿನದ ಮಂಕು ಬೆಳಕಿನಲ್ಲೂ ಬಟ್ಟೆ ಹೊಳೆಯಿತು. ಮೈಸೂರಿನಿಂದ ತಂದ ಬಂಗಾರದ ಬಣ್ಣದ ಜರಿ ಬಟ್ಟೆ. ಒಂದು ಮಡಿಕೆಯನ್ನು ಎತ್ತಿ ನೋಡಿದೆ. ನೆನೆದ ಕಂಬಳಿಯಷ್ಟು ಭಾರವಿತ್ತು.

ರೈಟರ್ ಎಂದರೆ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಕೆಲಸದ ಲೆಕ್ಕ ಬರೆಯುವವರು. ಇವರು ಸಿದ್ದಾಪುರದಿಂದ ಸ್ವಲ್ಪ ಒಳಗಿರುವ ಒಂದು ಎಸ್ಟೇಟಿನ ರೈಟರ್, ಅಲ್ಲಿನ ಚಿಕ್ಕ ಚರ್ಚಿನ ಸಮಿತಿಯ ಮುಖ್ಯಸ್ಥರೂ ಹೌದು. ಮನೆಮಾತು ಮಲಯಾಳ. ನನ್ನ ಜೊತೆ ಕನ್ನಡವೇ.

"ನಮ್ಮ ಫಾದರ್ ರಿಟೈರ್ ಆಗ್ತಾ ಇದ್ದಾರೆ ಅಕ್ಕ. ಮಾತೆಯ ಹಬ್ಬದ ದಿನ ಇಲ್ಲಿ ಕಡೇ ಪೂಜೆ. ಆಮೇಲೆ ಮಂಗಳೂರು ಕಡೆ ವಯಸ್ಸಾದ ಫಾದರ್‌ಗಳು ಇರೋ ಮನೆಗೆ ಹೋಗ್ತಾರೆ. ಶಾಲು ಹೊದಿಸಿ ಪೇಟ ಇಡೋದಾದ್ರೆ ನಾನು ಸ್ಟೇಜಿಗೇ ಬರಲ್ಲ ಅಂದುಬಿಟ್ಟಿದ್ದಾರೆ. ಪೂಜೆಗೆ ಹಾಕೋ ಬಟ್ಟೆ ಕೊಟ್ರೆ ಬೇಡ ಅನ್ನೋಕಾಗಲ್ಲ, ಅಲ್ವಾ?"

"ನಾನು ಅಂಥದ್ದು ಹೊಲಿದೋಳೇ ಅಲ್ಲ," ಎಂದೆ.

"ಕುಪ್ಯ ಹೊಲೀತೀರಲ್ಲ. ಅದಕ್ಕಿಂತ ಕಷ್ಟ ಎಂತ ಉಂಟು?"

ಅವರು ಹೇಳಿದ್ದು ಸುಳ್ಳಲ್ಲ. ಕೊಡವರ ಮದುವೆ, ಹಬ್ಬಗಳಿಗೆ ಗಂಡಸರು ತೊಡುವ ಮೊಣಕಾಲುದ್ದದ ಕುಪ್ಯ ನಮ್ಮ ಅಂಗಡಿಯ ಮುಖ್ಯ ಕೆಲಸ. ಮಾವನಿಂದ ಕಲಿತದ್ದು. ಅವರು ಹೋದ ಮೇಲೂ ಗಿರಾಕಿಗಳು ಬಿಟ್ಟುಹೋಗಲಿಲ್ಲ. ಮಾದರಿಗೆಂದು ರೈಟರ್ ಚರ್ಚಿನ ಕಪಾಟಿನಿಂದ ಒಂದು ಹಳೆಯ ಪೂಜಾವಸ್ತ್ರವನ್ನೂ ತಂದಿದ್ದರು. ನೆಲಕ್ಕೆ ಹಾಸಿ ನೋಡಿದೆ. ದೊಡ್ಡ ಮೊಟ್ಟೆಯಾಕಾರದ ಬಟ್ಟೆ, ನಡುವೆ ತಲೆ ತೂರಿಸಲು ಕತ್ತು. ತೋಳಿಲ್ಲ, ಗುಂಡಿಯಿಲ್ಲ. ಎರಡು ಭುಜದ ಹೊಲಿಗೆ, ಸುತ್ತ ಅಂಚು. ಇಷ್ಟೇ ಅಲ್ಲವೇ ಎಂದುಕೊಂಡು ಒಪ್ಪಿದೆ.

"ಒಂದು ಮಾತು," ಎಂದರು ರೈಟರ್ ಹೊರಡುವಾಗ. "ಫಾದರಿಗೆ ಗೊತ್ತಾಗಬಾರದು."

ಮೈ ನೋಡದೆ ಹೊಲಿಯುವುದು ನನಗೆ ಆಗದ ಮಾತು. ಹಳೆಯ ಬಟ್ಟೆಯ ಅಳತೆ ಹಳೆಯ ಬಟ್ಟೆಯದು, ಮನುಷ್ಯನದಲ್ಲ. ಅದಕ್ಕಾಗಿಯೇ ಆ ಭಾನುವಾರ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಫಾದರ್ ಎತ್ತರದ, ತೆಳ್ಳಗಿನ ಆಳು, ಸ್ವಲ್ಪ ಬಾಗಿದ ಬೆನ್ನು. ಬೆನ್ನು ಬಾಗಿದವರಿಗೆ ಹಿಂಭಾಗ ಒಂದಿಷ್ಟು ಉದ್ದ ಬಿಡಬೇಕು, ಇಲ್ಲದಿದ್ದರೆ ಬಟ್ಟೆ ಹಿಂದಿನಿಂದ ಮೇಲೆ ಎಳೆದುಕೊಳ್ಳುತ್ತದೆ. ಅದನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಂಡೆ. ಪ್ರಾರ್ಥನೆಗೆ ಅವರು ಎರಡೂ ಕೈ ಚಾಚಿದಾಗ ಇನ್ನೊಂದು ಕಂಡಿತು. ಎಡಗೈ ಸಲೀಸಾಗಿ ಮೇಲೆದ್ದಿತು. ಬಲಗೈ ಮೊಣಕೈಯಿಂದ ಆಚೆಗೆ ಮಾತ್ರ ಎದ್ದಿತು, ಮೇಲಿನ ತೋಳು ಪಕ್ಕೆಗೆ ಅಂಟಿಕೊಂಡೇ ಇತ್ತು. ಪ್ರಸಾದದ ರೊಟ್ಟಿಯನ್ನು ಎತ್ತಿ ಜನರಿಗೆ ತೋರಿಸುವ ಹೊತ್ತಿಗೆ ಬಟ್ಟೆಯ ಅಂಚು ಆ ಕೈಯ ಮೇಲೆ ಜಗ್ಗಿ ಬಿತ್ತು. ಅವರ ದವಡೆ ಬಿಗಿಯಿತು. ಜನರೆಲ್ಲ ತಲೆ ಬಾಗಿಸಿದ್ದರಿಂದ ಯಾರೂ ಅದನ್ನು ನೋಡಲಿಲ್ಲ. ಆ ಪದ್ಧತಿ ತಿಳಿಯದ ನಾನೊಬ್ಬಳು ತಲೆಯೆತ್ತಿ ಕೂತಿದ್ದೆ.

ಪೂಜೆ ಮುಗಿದ ಮೇಲೆ ಚರ್ಚಿನ ಬಟ್ಟೆಬರೆ ನೋಡಿಕೊಳ್ಳುವ ಸಿಸ್ಟರ್ ನನ್ನನ್ನು ಬಾಗಿಲಲ್ಲಿ ತಡೆದರು. "ನೀವು ಹೊಲಿಗೆಯವರಲ್ವಾ? ನೋಡಿದ್ರಿ, ಅಲ್ಲ?"

"ಬಟ್ಟೆ ಹಾಕಿಕೊಳ್ಳೋದು ಹೇಗೆ ಅವರು?" ಎಂದು ಕೇಳಿದೆ.

"ನಾನು ಮೇಲಿಂದ ಹಾಕ್ತೇನೆ. ಕೈ ಎತ್ತೋಕೆ ಆಗದು, ಹಾಗಾಗಿ ತಲೆ ಬಗ್ಗಿಸ್ತಾರೆ. ಒಂದೊಂದು ದಿನ ಕಣ್ಣಲ್ಲಿ ನೀರು ಬರ್ತದೆ. ಅಲ್ಲಿಗೆ ಹೋದ ಮೇಲೆ ಯಾರು ಹಾಕ್ತಾರೋ."

ನನಗೆ ಅಲ್ಲೇ ಕಾಲು ನಿಂತಿತು. ಆ ಜರಿ ಬಟ್ಟೆಯನ್ನು ಹಳೆಯ ಮಾದರಿಯಲ್ಲಿ ಹೊಲಿದುಕೊಟ್ಟರೆ ಅದನ್ನು ಒಮ್ಮೆ ತೊಡುತ್ತಾರೆ, ನೋವಿನಿಂದಲೇ ತೊಡುತ್ತಾರೆ. ಆಮೇಲೆ ಅದು ಕಪಾಟಿನಲ್ಲಿ ತೂಗುತ್ತದೆ. ನಾಳೆಯೂ ನಾಡಿದ್ದೂ ತೊಡುವಂಥದ್ದಲ್ಲದಿದ್ದರೆ ಇಷ್ಟು ಜನ ಸೇರಿ ಕೊಡುವ ಉಡುಗೊರೆಗೆ ಏನು ಅರ್ಥ?

ಸಿಸ್ಟರನ್ನು ಕರೆದುಕೊಂಡು ನೇರ ಫಾದರ್ ಬಂಗಲೆಗೇ ಹೋದೆ. ಅವರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಲೋಟ ಎಡಗೈಯಲ್ಲಿತ್ತು. ನಾನು ಬಾಯಿ ತೆರೆಯುವ ಮೊದಲೇ ನಕ್ಕರು.

"ಕಪಾಟಿನಿಂದ ಬಟ್ಟೆ ಹೋದದ್ದು ನನಗೆ ಗೊತ್ತಿಲ್ಲ ಅಂತ ರೈಟರ್ ಗ್ರಹಿಸಿದ್ದಾರೆ. ಪಾಪ, ಹಾಗೇ ಇರ್ಲಿ. ಕೂತ್ಕೊಳ್ಳಿ ಅಮ್ಮಾ."

ನಾನು ಕಂಡದ್ದನ್ನು ಹೇಳಿದೆ. ಅವರ ನಗು ನಿಂತಿತು. ಕೆಲವು ವರ್ಷಗಳ ಹಿಂದೆ ಒಬ್ಬ ರೋಗಿಯನ್ನು ನೋಡಲು ಲೈನಿಗೆ, ಅಂದರೆ ಆಳುಗಳ ಮನೆಸಾಲಿಗೆ, ಹೋಗುವಾಗ ತಿರುವಿನಲ್ಲಿ ಬೈಕ್ ಜಾರಿ ಬಿದ್ದಿದ್ದರಂತೆ. ಮೂಳೆ ಕೂಡಿತು, ಭುಜ ಬಿಗಿಯುತ್ತಾ ಬಂತು. ಈ ಮಳೆಗಾಲದಲ್ಲಿ ಪೂರ್ತಿ ಹಿಡಿದುಕೊಂಡಿತ್ತು.

"ಸಮಿತಿಯವರಿಗೆ ಹೇಳಿದ್ರೆ ಹಗುರದ ಬಟ್ಟೆ ಕೊಡ್ತಾರೆ," ಎಂದೆ.

"ಹೇಳುದು ಬೇಡ." ಅವರ ದನಿ ಮೆತ್ತಗಿತ್ತು, ಆದರೆ ಮಾತು ಗಟ್ಟಿ. "ನೋಡಿ ಅಮ್ಮಾ, ಇವರ ಕಷ್ಟಕ್ಕೆ ಅಯ್ಯೋ ಅಂತ ಹೇಳ್ಲಿಕ್ಕೆ ಬಂದವ ನಾನು. ಹೋಗುವ ದಿನ ಇವರೆಲ್ಲ ಸೇರಿ ನನಗೆ ಅಯ್ಯೋ ಹೇಳುದು ಬೇಡ. ಆ ದಿನ ಪೂಜೆಯಲ್ಲಿ ಎಲ್ಲರೂ ನನ್ನ ಕೈಯನ್ನೇ ನೋಡ್ತಾ ಕೂತ್ರೆ ದೇವರನ್ನು ನೋಡುದು ಯಾರು?"

"ಹಾಗಾದ್ರೆ ನಾನು ಎಂತ ಮಾಡ್ಲಿ?"

"ರೈಟರ್ ಕೊಟ್ಟ ಬಟ್ಟೆ ಹೊಲೀರಿ. ಒಂದು ದಿನದ ನೋವು ತಡ್ಕೊಳ್ತೇನೆ."

ಅಲ್ಲಿಂದ ಇಳಿದು ಬರುವಾಗ ನಾನು ನಿರ್ಧಾರ ಮಾಡಿಯಾಗಿತ್ತು. ಯಾರಿಗೂ ಹೇಳುವುದಿಲ್ಲ, ಆದರೆ ನೋವಾಗುವ ಬಟ್ಟೆಯನ್ನೂ ಹೊಲಿಯುವುದಿಲ್ಲ.

ಮಾರನೆಯ ದಿನವೇ ವಿರಾಜಪೇಟೆಗೆ ಬಸ್ಸು ಹಿಡಿದು ಹೋಗಿ ಹತ್ತಿ-ರೇಷ್ಮೆ ಬೆರೆತ ಹಗುರದ ಬಿಳಿ ಬಟ್ಟೆ ತಂದೆ. ಅದನ್ನು ಮುಟ್ಟುವ ಮೊದಲು ಹಳೆಯ ಹಾಸಿಗೆ ಹೊದಿಕೆಯೊಂದನ್ನು ಕತ್ತರಿಸಿ ಪ್ರಯೋಗ ಮಾಡಿದೆ. ಎರಡು ಬದಲಾವಣೆ ಬೇಕಿತ್ತು. ಮೊದಲನೆಯದು ಸುಲಭ. ಪಕ್ಕಗಳನ್ನು ಮಣಿಕಟ್ಟಿನವರೆಗೆ ಬಿಡದೆ ಮೊಣಕೈಗೆ ನಿಲ್ಲಿಸಿದೆ. ಆಗ ಕೈ ಚಾಚಿದರೂ ಬಟ್ಟೆ ಅದರ ಮೇಲೆ ಕೂರುವುದಿಲ್ಲ. ಎರಡನೆಯದು ತೊಡುವ ದಾರಿ. ಬಲಭುಜದ ಹೊಲಿಗೆಯನ್ನು ಕತ್ತಿನಿಂದ ಅಂಚಿನವರೆಗೆ ಬಿಚ್ಚಿ ಟಿಚ್ ಬಟನ್ ಹಾಕಿದೆ. ತಲೆಯನ್ನು ಹೆಚ್ಚು ಬಗ್ಗಿಸದೆ, ಕೈ ಎತ್ತದೆ ತೊಡಬಹುದು ಎಂಬ ಲೆಕ್ಕ.

ಬಂಗಲೆಗೆ ಒಯ್ದಾಗ ಸಿಸ್ಟರ್ ಹೇಗೋ ಒಪ್ಪಿಸಿ ಅದನ್ನು ಫಾದರಿಗೆ ತೊಡಿಸಿದರು. ನಿಂತಾಗ ಚೆನ್ನಾಗಿಯೇ ಇತ್ತು. ಕೈ ಚಾಚಿ ಎಂದೆ. ಚಾಚಿದರು. ಟಪ್ ಎಂದು ಒಂದು ಬಟನ್ ಬಿಚ್ಚಿತು. ಅದರ ಹಿಂದೆ ಇನ್ನೊಂದು. ಬಟ್ಟೆಯ ಅರ್ಧಭಾಗ ಎದೆಯ ಮೇಲಿಂದ ಜಾರಿ ನೇತಾಡಿತು.

"ಪೂಜೆಯ ಮಧ್ಯೆ ಹೀಗಾದ್ರೆ ಜನ ದೇವರನ್ನೂ ನೋಡುದಿಲ್ಲ, ಕೈಯನ್ನೂ ನೋಡುದಿಲ್ಲ," ಎಂದರು ಫಾದರ್.

ತಪ್ಪು ನನ್ನದೇ. ಇಡೀ ಬಟ್ಟೆಯ ಭಾರ ತೂಗುವುದು ಭುಜದ ಹೊಲಿಗೆಯಿಂದ, ನಾನು ಅದನ್ನೇ ಬಿಚ್ಚಿದ್ದೆ. ಬಟನ್ ತೆಗೆದು ಹುಕ್ಕು ಹಾಕಿ ನೋಡಿದೆ. ಹುಕ್ಕು ಬಿಚ್ಚಲಿಲ್ಲ, ಆದರೆ ಹೊಲಿಗೆಯ ಉದ್ದಕ್ಕೂ ಬಟ್ಟೆ ಬಾಯಿ ಬಿಟ್ಟುಕೊಂಡು ಒಳಗಿನ ನಿಲುವಂಗಿ ಕಂಡಿತು. ಅದೂ ಆಗಲಿಲ್ಲ. ಹಬ್ಬ ಹತ್ತಿರ ಬರುತ್ತಿತ್ತು.

ಈ ನಡುವೆ ರೈಟರ್ ಅಂಗಡಿಗೆ ಬಂದರು. ಜರಿ ಬಟ್ಟೆ ತಂದಿಟ್ಟ ಹಾಗೇ ಕಪಾಟಿನಲ್ಲಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆ.

"ಇದೆಂತ?"

"ಪೂಜಾವಸ್ತ್ರಕ್ಕೆ. ಅದು ತುಂಬಾ ಭಾರ ಆಗ್ತದೆ."

"ಭಾರ ಇದ್ರೆ ಇರ್ಲಿ. ಹಾಕ್ಕೊಳ್ಳೋದು ಒಂದು ಗಂಟೆ ಅಲ್ವಾ? ಅಕ್ಕ, ಲೈನಿನೋರೆಲ್ಲ ಸೇರಿ ಮಾಡಿದ್ದು ಇದು. ನನ್ನೊಬ್ಬನ ದುಡ್ಡಲ್ಲ. ನೀವು ನಿಮ್ಮ ಸಲೀಸಿಗೆ ಬದಲಾಯ್ಸೋದು ಸರಿಯಾ?"

ಕಾರಣ ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ. ಅವರು ಅದನ್ನು ಸೊಕ್ಕು ಎಂದೇ ತಿಳಿದಿರಬೇಕು. ಸ್ಟೂಲ್ ಎಳೆದು ಕೂತರು. ದನಿ ಇಳಿಸಿ ಮಾತಾಡಿದರು.

"ಹಬ್ಬದ ದಿನ ಚರ್ಚೊಳಗೆ ಅರ್ಧ ಜನಕ್ಕೂ ಜಾಗ ಸಿಗಲ್ಲ. ಲೈನಿನೋರು ಅಂಗಳದಲ್ಲೇ ನಿಲ್ಲೋದು. ಹಾಜರಿ ಕೊಡುವಾಗಲೂ ಅವರು ದೂರದಲ್ಲೇ ನಿಲ್ಲೋರು. ಅಷ್ಟು ದೂರದಿಂದ ಅವರಿಗೆ ನಮ್ಮ ಫಾದರ್ ಫಳಫಳ ಅಂತ ಕಾಣಬೇಕು. ಅದಕ್ಕೇ ಬಂಗಾರದ್ದು ತಂದೆ. ಪೂಜೆ ಶುರು ಆಗೋ ಮೊದಲು ಲೈನಿನ ಇಬ್ಬರು ಅಜ್ಜಿಯರು ಅಲ್ಲೇ ಎಲ್ಲರೆದುರು ಫಾದರಿಗೆ ತೊಡಿಸ್ತಾರೆ."

"ಎಲ್ಲರೆದುರಾ?"

"ಮತ್ತೆ? ಸನ್ಮಾನ ಅಂದ್ರೆ ಒಳಗೆ ಹೋಗಿ ಮಾಡೋದಾ?"

ಅವರು ಹೋದ ಮೇಲೆ ಜರಿ ಬಟ್ಟೆಯನ್ನು ಕಪಾಟಿನಿಂದ ಇಳಿಸಿ ಕೈಯಲ್ಲಿ ತೂಗಿ ನೋಡಿದೆ. ಊರೆಲ್ಲ ನೋಡುತ್ತಿರುವಾಗ ಇಬ್ಬರು ಮುದುಕಿಯರು ಆ ಭಾರದ ಬಟ್ಟೆಯನ್ನು ಫಾದರ್ ತಲೆಯ ಮೇಲಿಂದ ತೂರಿಸುತ್ತಾರೆ. ಅವರು ಮುಚ್ಚಿಡಬೇಕೆಂದದ್ದು ಅಲ್ಲೇ ಬಯಲಾಗುತ್ತದೆ. ಆದರೆ ರೈಟರ್ ಹೇಳಿದ್ದನ್ನೂ ತಳ್ಳಿಹಾಕಲು ಆಗಲಿಲ್ಲ. ನಾನು ಒಬ್ಬ ಮನುಷ್ಯನ ಭುಜವನ್ನೇ ನೋಡುತ್ತಿದ್ದೆ, ಅವರು ಅಂಗಳದಲ್ಲಿ ನಿಲ್ಲುವವರನ್ನು ನೋಡಿದ್ದರು. ಅಂಗಳಕ್ಕೆ ಕಾಣಬೇಕಾದದ್ದು ಎದುರುಭಾಗ ಮಾತ್ರ. ಹಾಗಾದರೆ ಬಂಗಾರ ಎದುರಿಗೆ ಒಂದು ಪಟ್ಟಿಯಷ್ಟು ಸಾಕು, ಕತ್ತಿನಿಂದ ಕಾಲಿನವರೆಗೆ.

ಪಟ್ಟಿ ಎಂದುಕೊಂಡ ಕ್ಷಣ ಕೈ ಎದ್ದು ಸೀಮೆಸುಣ್ಣ ಹಿಡಿಯಿತು. ಪಟ್ಟಿಯ ಅಡಿಯಲ್ಲಿ ಏನಿದೆ ಎಂದು ಯಾರಿಗೆ ಕಾಣುತ್ತದೆ? ಭುಜವನ್ನು ಬಿಚ್ಚಬೇಕಾಗಿಯೇ ಇಲ್ಲ. ಎದುರನ್ನು ಮೇಲಿಂದ ಕೆಳಗೆ ಪೂರ್ತಿ ಸೀಳಿ, ಪಟ್ಟಿಯನ್ನು ಎಡಗಡೆಯ ಅಂಚಿಗೆ ಹೊಲಿದು, ಬಲಗಡೆಯ ಮೇಲೆ ಮಡಚಿ ಕೂರಿಸಬಹುದು. ಮಾವ ಕಲಿಸಿದ ಕುಪ್ಯವೂ ಹಾಗೆಯೇ, ಎದುರು ತೆರೆದು ಒಂದರ ಮೇಲೊಂದು ಬರುವಂಥದ್ದು. ಆಗ ತಲೆ ತೂರಿಸುವುದೂ ಇಲ್ಲ, ಕೈ ಎತ್ತುವುದೂ ಇಲ್ಲ. ಹಿಂದಿನಿಂದ ಶಾಲು ಹೊದಿಸಿದಂತೆ ಹೊದಿಸಿ ಎದುರಿಗೆ ಕೂಡಿಸಿದರಾಯಿತು.

ರೈಟರನ್ನು ಕೇಳಿ ಕತ್ತರಿಸುವುದು ಮರ್ಯಾದೆ. ಕೇಳಿದರೆ ಒಪ್ಪುವುದಿಲ್ಲ, ಕಾರಣ ಕೇಳುತ್ತಾರೆ. ಜರಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದೆ. ಎಳೆ ನೋಡಿ ಗೆರೆ ಎಳೆದೆ. ಜರಿ ಅಂಚಿನಲ್ಲಿ ಬಿಚ್ಚಿಕೊಳ್ಳದ ಹಾಗೆ ಗೆರೆಯ ಎರಡೂ ಬದಿಗೆ ಮೊದಲೇ ಹೊಲಿಗೆ ಓಡಿಸಿದೆ. ಆಮೇಲೆ ಕತ್ತರಿ ಇಟ್ಟೆ. ಅಷ್ಟು ವರ್ಷಗಳಲ್ಲಿ ಗಿರಾಕಿಯ ಬಟ್ಟೆಯನ್ನು ಅವರ ಮಾತು ಮೀರಿ ಕತ್ತರಿಸಿದ್ದು ಅದೇ ಮೊದಲು.

ಎರಡು ದಿನ ಬಿಟ್ಟು ರೈಟರ್ ಮತ್ತೆ ಬಂದರು. "ಬಟ್ಟೆ ಕೊಡಿ ಅಕ್ಕ. ವಿರಾಜಪೇಟೆಯಲ್ಲಿ ಬೇರೆಯವರ ಹತ್ರ ಮಾತಾಡಿದ್ದೇನೆ."

"ಕತ್ತರಿಸಿ ಆಯ್ತು."

ಅವರು ಪಟ್ಟಿಯನ್ನೂ ಉಳಿದ ಬಟ್ಟೆಯನ್ನೂ ನೋಡಿದರು. ಮುಖ ಕೆಂಪಾಯಿತು. ಗಲಾಟೆ ಮಾಡುವ ಜನ ಅಲ್ಲ. ಕೂಗಾಡಿದ್ದರೆ ನನಗೂ ಸುಲಭವಾಗುತ್ತಿತ್ತು.

"ಜನಕ್ಕೆ ನಾನು ಎಂತ ಉತ್ತರ ಹೇಳ್ಲಿ?"

"ಎದುರಿಗೆ ಬಂಗಾರ ಬರ್ತದೆ, ಅಂಗಳದವರಿಗೂ ಕಾಣ್ತದೆ. ಉಳಿದದ್ದರಲ್ಲಿ ನಿಮ್ಮ ಪೂಜೆಯ ಪೀಠಕ್ಕೆ ಎದುರು ಹೊದಿಕೆ ಹೊಲಿದು ಕೊಡ್ತೇನೆ, ಕೂಲಿ ಬೇಡ. ಫಾದರ್ ಹೋದ ಮೇಲೂ ಅದು ಇಲ್ಲೇ ಇರ್ತದೆ. ಆ ದಿನ ನಿಮಗೆ ಸರಿ ಕಾಣದಿದ್ರೆ ಜರಿಗೆ ಕೊಟ್ಟ ದುಡ್ಡು ನಾನು ಕಟ್ತೇನೆ."

"ಕಾರಣ ಹೇಳಲ್ಲ ನೀವು."

"ಹೇಳಕ್ಕಾಗಲ್ಲ."

ಅವರು ಕೊಡೆ ಬಿಡಿಸಿ ರಸ್ತೆಗಿಳಿದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಎದುರು ತೆರೆದ ಬಟ್ಟೆಗೆ ಅದರದೇ ತೊಂದರೆಗಳಿದ್ದವು. ಮೊದಲ ಸಲ ತೊಡಿಸಿದಾಗ ಕತ್ತು ಹಿಂದಕ್ಕೆ ಜಾರಿತು. ಭುಜದಲ್ಲಿ ಒಳಗಿನಿಂದ ಒಂದೊಂದು ಚಿಕ್ಕ ಮಡಿಕೆ ಹಿಡಿದು, ಬಟ್ಟೆ ಭುಜದ ಆಕಾರಕ್ಕೆ ಕೂರುವಂತೆ ಮಾಡಿದೆ. ಪಟ್ಟಿಗೆ ಗಟ್ಟಿ ಕ್ಯಾನ್ವಾಸ್ ಕೊಟ್ಟಿದ್ದರಿಂದ ಫಾದರ್ ಕೂತಾಗ ಅದು ಹಲಗೆಯಂತೆ ಎದ್ದು ನಿಂತಿತು. ಇಡೀ ಪಟ್ಟಿ ಬಿಚ್ಚಿ ಕ್ಯಾನ್ವಾಸನ್ನು ಎದೆಯವರೆಗೆ ಮಾತ್ರ ಉಳಿಸಿ, ಕೆಳಗೆ ಮೆದು ಲೈನಿಂಗ್ ಹಾಕಿದೆ. ಜರಿಯನ್ನು ಬಿಚ್ಚಿ ಮತ್ತೆ ಹೊಲಿದರೆ ಸೂಜಿಯ ತೂತು ಉಳಿಯುತ್ತದೆ. ಆ ತೂತುಗಳ ಮೇಲೆ ತೆಳುವಾದ ಬಿಳಿ ಪೈಪಿಂಗ್ ಕೂರಿಸಿದೆ. ನೋಡಿದವರು ಅದು ಅಲಂಕಾರ ಎಂದೇ ತಿಳಿದರು.

ಕೊನೆಗೆ ಹುಕ್ಕು. ರವಿಕೆಗೆ ಹಾಕುವ ಸಣ್ಣ ಹುಕ್ಕು ಹಾಕಿದ್ದೆ. ಲೈನಿನ ಆ ಇಬ್ಬರು ಅಜ್ಜಿಯರನ್ನು ಸಿಸ್ಟರ್ ಅಂಗಡಿಗೆ ಕರೆತಂದರು. ಜೀವನಪೂರ್ತಿ ಕಾಫಿ ಪಿಕ್ಕಿಂಗ್ ಮಾಡಿದ ಕೈಗಳು. ಬೆರಳಿನ ಒರಟಿಗೆ ಜರಿಯ ಎಳೆ ಸಿಕ್ಕಿಕೊಂಡಿತು. ಹುಕ್ಕು ಅವರಿಗೆ ಕಾಣಲೇ ಇಲ್ಲ.

"ಇದು ಇರುವೆ ಹಾಗೆ ಇದೆಯಮ್ಮ," ಎಂದರು ಹಿರಿಯಜ್ಜಿ ತಮಿಳು ಬೆರೆತ ಕನ್ನಡದಲ್ಲಿ. "ನನ್ನ ಕಣ್ಣಿಗೆ ಆಗಲ್ಲ. ನೀನೇ ಹಾಕಿಬಿಡು."

"ನಾನು ಹಾಕಿದ್ರೆ ಅದು ನೀವು ಕೊಟ್ಟ ಹಾಗಾಗಲ್ಲ ಅಜ್ಜಿ."

ಎಲ್ಲವನ್ನೂ ಕಿತ್ತು ಪ್ಯಾಂಟಿಗೆ ಹಾಕುವ ಅಗಲ ಹುಕ್ಕು ಹಾಕಿದೆ. ಕತ್ತಿನಿಂದ ಸೊಂಟದವರೆಗೆ ಕೆಲವೇ ಕೆಲವು. ಹುಕ್ಕಿನ ಜಾಗವನ್ನು ಬೆರಳಿನಿಂದಲೇ ತಿಳಿಯಲು ಒಳಗೆ ದಪ್ಪ ನೂಲಿನ ಗಂಟು ಕೊಟ್ಟೆ. ನನ್ನ ಗಂಡನಿಗೇ ಅದನ್ನು ತೊಡಿಸಿ ಅಜ್ಜಿಯರು ಮತ್ತೆ ಮತ್ತೆ ಅಭ್ಯಾಸ ಮಾಡಿದರು. ಆತ ಕಂಬದ ಹಾಗೆ ನಿಂತು ಸಹಿಸಿಕೊಂಡ.

ಹಬ್ಬದ ಬೆಳಿಗ್ಗೆ ಮಳೆ ಬಿಡುವು ಕೊಟ್ಟಿತ್ತು. ಅಂಗಳ ತುಂಬಿ ಕಾಫಿ ಒಣಗಿಸುವ ಕಣದವರೆಗೆ ಜನ ನಿಂತಿದ್ದರು. ನಾನು ಸೂಜಿ ದಾರ ಸೆರಗಿನಲ್ಲಿ ಕಟ್ಟಿಕೊಂಡು ಪಕ್ಕದ ಬಾಗಿಲಲ್ಲಿ ನಿಂತೆ. ಫಾದರ್ ಬರೀ ಬಿಳಿ ನಿಲುವಂಗಿಯಲ್ಲಿ ಮೆಟ್ಟಿಲ ಮೇಲೆ ಬಂದು ನಿಂತರು. ರೈಟರ್ ಬಟ್ಟೆ ಮಡಿಸಿಟ್ಟ ತಟ್ಟೆ ಹಿಡಿದಿದ್ದರು, ಮುಖ ಬಿಗಿದಿತ್ತು.

ಅಜ್ಜಿಯರು ಬಟ್ಟೆಯನ್ನು ಬಿಡಿಸಿ ಹಿಂದಿನಿಂದ ಫಾದರ್ ಭುಜದ ಮೇಲೆ ಇಳಿಸಿದರು. ಹಿರಿಯಜ್ಜಿ ಎದುರಿಗೆ ಬಂದು ಕತ್ತಿನ ಹುಕ್ಕು ಹಾಕಿದರು. ಎರಡನೆಯದನ್ನು ಹಾಕುವಾಗ ಒಂದು ಗಂಟು ತಪ್ಪಿತು. ಪಟ್ಟಿ ಸೊಟ್ಟಗಾಯಿತು. ನನ್ನ ಕಾಲು ತಾನಾಗಿಯೇ ಮುಂದೆ ಹೋಯಿತು. ಸಿಸ್ಟರ್ ನನ್ನ ತೋಳು ಹಿಡಿದು ನಿಲ್ಲಿಸಿದರು. ಫಾದರ್ ಅವಸರ ಮಾಡಲಿಲ್ಲ. ಎಡಗೈಯಿಂದ ಅಜ್ಜಿಯ ಕೈ ಹಿಡಿದು ತಮಿಳಿನಲ್ಲಿ ಏನೋ ಹೇಳಿದರು. ಹತ್ತಿರವಿದ್ದವರು ನಕ್ಕರು. ಅಜ್ಜಿಯೂ ನಕ್ಕು, ಬಿಚ್ಚಿ, ಬೆರಳಿನಲ್ಲಿ ಗಂಟು ಹುಡುಕಿ ಸರಿಯಾಗಿ ಹಾಕಿದರು. ಕೊನೆಯ ಹುಕ್ಕು ಕೂಡಿದಾಗ ಪಟ್ಟಿ ಕತ್ತಿನಿಂದ ಕಾಲಿನವರೆಗೆ ನೆಟ್ಟಗೆ ಇಳಿಯಿತು. ಅಷ್ಟರಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು, ಅದು ಕಣದ ತುದಿಯವರೆಗೆ ಹೋಯಿತು.

ಪೂಜೆಯಲ್ಲಿ ರೊಟ್ಟಿಯನ್ನು ಎತ್ತುವ ಹೊತ್ತಿಗೆ ನಾನು ಈ ಸಲವೂ ತಲೆ ಬಾಗಿಸಲಿಲ್ಲ. ಕೈ ಮೊದಲಿನಷ್ಟೇ ಎದ್ದಿತು, ಎದೆಯ ಮಟ್ಟಕ್ಕೆ. ಹೊಲಿಗೆಯಿಂದ ಭುಜ ವಾಸಿಯಾಗುವುದಿಲ್ಲ. ಆದರೆ ಬಟ್ಟೆ ಎಳೆಯಲಿಲ್ಲ, ಜಗ್ಗಲಿಲ್ಲ. ಅವರ ದವಡೆ ಸಡಿಲವಾಗಿತ್ತು. ಸಾಕು ಅನ್ನಿಸಿತು.

ಊಟದ ಪಂಕ್ತಿಯಲ್ಲಿ ರೈಟರ್ ನನ್ನೆದುರಿಗೆ ಬರಲಿಲ್ಲ. ಫಾದರ್ ಮಾತ್ರ ಮಾರನೆಯ ದಿನ ಹೊರಡುವ ಮುನ್ನ ಸಿಸ್ಟರ್ ಕೈಯಲ್ಲಿ ಹೇಳಿಕಳಿಸಿದರು: ಬೆಳಿಗ್ಗೆ ಒಬ್ಬರೇ ಅದನ್ನು ತೊಟ್ಟು ನೋಡಿದರಂತೆ, ಎಡಗೈಯೊಂದರಲ್ಲೇ ಎಲ್ಲ ಹುಕ್ಕು ಹಾಕಲು ಬಂತಂತೆ.

ಒಂದು ವಾರದ ಮೇಲೆ ರೈಟರ್ ಅಂಗಡಿಗೆ ಬಂದರು. ಜರಿಯ ದುಡ್ಡು ಕೇಳಲು ಬಂದಿರಬಹುದೆಂದು ನಾನು ಎದ್ದು ನಿಂತೆ. ಅವರು ಕೂತರು. ಕೈಯಲ್ಲಿದ್ದ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡರು.

"ಫಾದರ್ ಕೈ ಎಷ್ಟು ಸಮಯದಿಂದ ಹಾಗೆ?"

"ನನಗೆಂತ ಗೊತ್ತು?"

"ಹೇಳಬೇಡಿ, ಬಿಡಿ. ಅಷ್ಟು ಹತ್ತಿರದಿಂದ ಅಜ್ಜಿಯರು ತೊಡಿಸೋದು ನೋಡಿದ್ರೆ ನನಗೆ ತಿಳಿಯಲ್ವಾ? ಮನೇಲಿ ದಿನಾ ಅದನ್ನೇ ಮಾಡೋನು ನಾನು." ಚೀಲದಿಂದ ಒಂದು ಬಿಳಿ ಬಟ್ಟೆ ತೆಗೆದು ಮೇಜಿನ ಮೇಲಿಟ್ಟರು. ಅದು ಮಲಯಾಳದಲ್ಲಿ ಚಟ್ಟಾ ಎನ್ನುವುದು, ಕೇರಳದ ಕ್ರೈಸ್ತ ಮುದುಕಿಯರು ತಲೆಯ ಮೇಲಿಂದ ತೊಡುವ ಸಡಿಲ ಮೇಲಂಗಿ. "ನನ್ನ ಅಮ್ಮಂದು. ಸ್ಟ್ರೋಕ್ ಆದ ಮೇಲೆ ಒಂದು ಕೈ ಏಳಲ್ಲ. ಇದನ್ನ ಹಾಕೋಕಾಗಲ್ಲ. ನೈಟಿಯಲ್ಲಿ ಚರ್ಚಿಗೆ ಬರಲ್ಲ ಅಂತ ಹಟ. ಎಷ್ಟೋ ಕಾಲ ಆಯ್ತು ಅವರು ಮನೆ ಬಿಟ್ಟು ಹೊರಗೆ ಬಂದು. ಹಬ್ಬದ ದಿನವೂ ಬರಲಿಲ್ಲ."

ಮೇಲಂಗಿಯನ್ನು ತಿರುಗಿಸಿ ನೋಡಿದೆ. ತೊಳೆದು, ಗಂಜಿ ಹಾಕಿ, ಮಡಿಕೆ ಮುರಿಯದೆ ಇಟ್ಟಿದ್ದ ಬಟ್ಟೆ.

"ಎದುರು ತೆರೆದದ್ದು ಅಂತ ನೋಡಿದವರಿಗೆ ಗೊತ್ತಾಗಬಾರದು," ಎಂದರು.

"ಯಾವ ಕೈ?"

"ಎಡ."

"ಈ ಅಳತೆ ಆಗಲ್ಲ. ಕಾಯಿಲೆಯಲ್ಲಿ ಮೈ ಇಳಿದಿರ್ತದೆ. ನಾನೇ ಬಂದು ನೋಡ್ತೇನೆ," ಎಂದು ಹೇಳಿ, ಅಳತೆ ಟೇಪನ್ನು ಕತ್ತಿಗೆ ಹಾಕಿಕೊಂಡು ಅಂಗಡಿಯ ಬಾಗಿಲು ಎಳೆದೆ. ರೈಟರ್ ಜೀಪನ್ನು ತಿರುಗಿಸಿ ನಿಲ್ಲಿಸಿದ್ದರು.